ಸನ್ಮತಿ ಕಚ್ಚಿದ ಕ್ಯಾಮೆರಾ

ನನ್ನ ಮಗಳು ಸನ್ಮತಿ ಕ್ಯಾಮೆರಾ ಕಚ್ಚಿ ಅಂದಿಗೆ ಹನ್ನೊಂದು ದಿನ. ಅವಳಿಗೇನೂ ಆಗಿರಲಿಲ್ಲ. ಎಂದಿನಂತೆ ಉಂಡಳು, ಅರ್ಧ ಉಗುಳಿದಳು, ಬೆಕ್ಕಿನ ಬಾಲ ಹಿಡಿದೆಳೆದು ಬೈಸಿಕೊಂಡಳು. ಊಟ ಬಿಟ್ಟು ತಿರುಗಾಡುತ್ತಿದ್ದವಳು ನಾನು. ಕಾರಣ, ಹೋಮಿಯೋಪಥಿ ಗುಳಿಗೆಯ ಒಂದು ಸಣ್ಣ ಗಾಜಿನ ಶೀಷೆ. ಅದರೊಳಗೆ ಕಿರುಬೆರಳ ಉಗುರಿನಷ್ಟು ಒಂದು ಕರಿ ಚೂರು. ಸನ್ಮತಿಯ ಬಾಯೊಳಗೆ ಬೆರಳು ಹಾಕಿ ನಾನೇ ಹೊರಗೆಳೆದದ್ದು.

ಮೊದಲ ದಿನ ನನಗಿದ್ದದ್ದು ವಿಷದ ಹೆದರಿಕೆ. ಅದು ಯಾವ ಬಣ್ಣವೋ, ಯಾವ ಅಂಟೋ. ಮರುದಿನ ಬೆಳಿಗ್ಗೆ ಮಗುವನ್ನು ಸೊಂಟಕ್ಕೇರಿಸಿ, ಶೀಷೆಯನ್ನು ಮುಷ್ಟಿಯಲ್ಲಿ ಹಿಡಿದು ಹುಕ್ಕೇರಿಯ ನಮ್ಮ ಡಾಕ್ಟರ ಹತ್ತಿರ ಓಡಿದೆ. ಅವರು ಮಗುವಿನ ನಾಲಿಗೆ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಆಮೇಲೆ ಆ ಚೂರನ್ನು ಬೆಳಕಿಗೆ ಹಿಡಿದು ಹೊರಳಿಸಿದರು.

“ಏನೂ ಆಗೂದಿಲ್ಲ ಹೋಗ್ರಿ. ತೊಗಲ ಇದ್ದಂಗ ಐತಿ ಇದು. ಹೊಟ್ಟಿಗೆ ಹೋಗಿದ್ರೂ ತಾನ ಹೊರಗ ಬರ್ತಿತ್ತು.”

ಒಂದು ಹೆದರಿಕೆ ಇಳಿಸಿದರು, ಇನ್ನೊಂದು ಹೊರಿಸಿದರು. ಮನೆಗೆ ಬಂದವಳೇ ಮಾಡಿದ ಮೊದಲ ಕೆಲಸವೆಂದರೆ, ಹಿಂದಿನ ದಿನ ದೇವರ ಗೂಡಿನ ಬಾಜೂ ಇಟ್ಟಿದ್ದ ಶೀಷೆಯನ್ನು ಹಿತ್ತಲ ಕಿಟಕಿಗೆ ಸಾಗಿಸಿದ್ದು.

ತೊಗಲು ಅಂದರೆ ಇಷ್ಟೇಕೆ ಗಾಬರಿ ಎಂದು ಕೇಳಬಹುದು. ನಾವು ಜೈನರು. ಬಸದಿಯೊಳಗೆ ಕಾಲಿಡುವ ಮೊದಲು ಸೊಂಟದ ಬೆಲ್ಟು, ಕಿಸೆಯ ಪಾಕೀಟು ಹೊರಗಿಟ್ಟು ಹೋಗುವವರು. ಆ ಕ್ಯಾಮೆರಾ ನನ್ನದಲ್ಲ, ನಮ್ಮ ಧನ್ಯಕುಮಾರ ಕಾಕಾರದು. ಒಂದು ವರ್ಷದಿಂದ ಅದು ಕಾಕಾರ ಕೊರಳಲ್ಲಿ ನೇತಾಡುತ್ತ ಊರೂರ ಬಸದಿಯೊಳಗೆ ಹೋಗಿ ಬಂದಿತ್ತು. ಬರುವ ರವಿವಾರ ಮೂಡಲಗಿಯಲ್ಲಿ, ಚಾತುರ್ಮಾಸಕ್ಕೆಂದು ಬಂದು ನಿಂತ ಮುನಿ ಮಹಾರಾಜರ ಎದುರಿಗೆ, ಅಭಿಷೇಕದ ಫೋಟೋ ತೆಗೆಯಲು ಮತ್ತೆ ಒಳಗೆ ಹೋಗುವುದಿತ್ತು. ಹೇಳಿದರೆ ಕಾಕಾ ಕ್ಯಾಮೆರಾ ಬಿಡುತ್ತಾರೆ. ಹೇಳದಿದ್ದರೆ, ಗೊತ್ತಿದ್ದೂ ಸುಮ್ಮನಿದ್ದ ಪಾಪ ನನ್ನದು. ಬಿಟ್ಟೇ ಬಿಡುತ್ತಾರೆಂದು ಅಷ್ಟು ಖಾತ್ರಿ ಹೇಗೆ ಅಂದರೆ, ಹಿಂದೆ ಒಮ್ಮೆ ಬಿಟ್ಟಿದ್ದರು. ಬಿಡಿಸಿದವಳು ನಾನೇ.

ಕಾಕಾ ನಮ್ಮ ತಂದೆಯ ಕೊನೆಯ ತಮ್ಮ. ಹುಟ್ಟಿದ್ದು ಕೌಜಲಗಿ, ಬದುಕು ಕಟ್ಟಿದ್ದು ಗೋಕಾಕದಲ್ಲಿ. ನಮ್ಮ ತಂದೆ ನೌಕರಿ ಹಿಡಿದು ಪುಣೆಗೆ ಹೋದವರು ಅಲ್ಲಿಯೇ ಉಳಿದರು, ನಾನು ಅಲ್ಲಿಯ ಸಾಲಿ ಕಲಿತವಳು. ಸೂಟಿ ಬಿದ್ದ ಕೂಡಲೇ ಗೋಕಾಕ. ಪೇಟೆಯಲ್ಲಿ ಕಾಕಾರ ಫೋಟೋ ಸ್ಟುಡಿಯೋ, ಅದರ ಹಿಂದೆಯೇ ಮನೆ. ಸ್ಟುಡಿಯೋದ ಗೋಡೆ ತುಂಬ ಒಂದು ಪಡದೆ ಇಳಿಬಿಟ್ಟಿದ್ದರು. ದಪ್ಪ ಹತ್ತಿಯ ಅರಿವೆಯ ಮೇಲೆ ಪೇಂಟರ್ ಹೊಳೆಪ್ಪ ಬರೆದ ಗೋಕಾಕ ಜಲಪಾತ. ಖರೆ ಜಲಪಾತ ಅಲ್ಲಿಂದ ಆರು ಕಿಲೋಮೀಟರ್ ದೂರದಲ್ಲಿ ಭೋರ್ಗರೆಯುತ್ತಿತ್ತು. ಆದರೂ ಜೋಡಿ ಜೋಡಿಯಾಗಿ ಮಂದಿ ಬಂದು ಈ ಪಡದೆಯ ಮುಂದೆಯೇ ನಿಲ್ಲುತ್ತಿದ್ದರು.

“ಅಲ್ಲೇ ಹೋಗಿ ತಗಸ್ಕೊಳ್ರೆಲಾ,” ಅಂದರೆ, “ಬ್ಯಾಡ್ರಿ, ಅಲ್ಲಿ ಅರಿವಿ ತೊಯ್ತಾವು. ಮತ್ತ ಬ್ಯಾಸಗ್ಯಾಗ ನೀರ ಇರೂದಿಲ್ಲ. ನಿಮ್ಮಲ್ಲಿ ಹನ್ನೆರಡ ತಿಂಗಳಾ ಬೀಳತೈತಿ,” ಅನ್ನುತ್ತಿದ್ದರು.

ಇನ್ನು ಕಾಕಾರ ಸ್ವಭಾವ. ಅವರಿಗೆ ಒಂದು ಸಂಗತಿ ತಿಳಿಯಿತೆಂದರೆ ಮನೆಯಿಂದ ಒಂದು ವಸ್ತು ಹೊರಗೆ ಹೋಗುತ್ತದೆ. ರೇಷ್ಮೆ ಹೇಗೆ ತೆಗೆಯುತ್ತಾರೆಂದು ಯಾರೋ ಹೇಳಿದರು, ರೇಷ್ಮೆ ಹೋಯಿತು. ಬರ್ಫಿಯ ಮೇಲಿನ ಬೆಳ್ಳಿ ವರಖನ್ನು ತೊಗಲಿನ ನಡುವೆ ಇಟ್ಟು ಬಡಿಯುತ್ತಾರೆಂದು ಕೇಳಿದರು, ಬರ್ಫಿ ಹೋಯಿತು. ಒಂದು ಸಾಬೂನು ಹೋಯಿತು, ಒಂದು ಹಲ್ಲಿನ ಪೇಸ್ಟು ಹೋಯಿತು, ಹೆಂಡತಿಯ, ಅಂದರೆ ನಮ್ಮ ಕಾಕುವಿನ, ಮುತ್ತಿನ ಸರವೂ ಹೋಯಿತು. ಜಗಳವಿಲ್ಲ, ಉಪದೇಶವಿಲ್ಲ. ಮಹಾರಾಜರ ಮುಂದೆ ಕೈಮುಗಿದು ನೇಮ ತೆಗೆದುಕೊಂಡು ಬರುವುದು, ಅಷ್ಟೇ. ನಮ್ಮ ಇಂದುಬಾಯಿ ಕಾಕು ಬಂದ ಬೀಗರಿಗೆಲ್ಲ ಬಾಗಿಲಲ್ಲೇ ಹೇಳುತ್ತಿದ್ದಳು:

“ಇವರಿಗೆ ಹೊಸಾ ಸಂಗತಿ ಯಾರೂ ಹೇಳಬ್ಯಾಡ್ರವಾ. ಮನ್ಯಾಗ ಉಳದಾಕಿ ಇನ್ನ ನಾ ಒಬ್ಬಾಕಿ.”

ನಾನು ಹೇಳಿದೆ. ೧೯೯೭ರಲ್ಲಿ, ಮೂಡಲಗಿಯಲ್ಲಿ, ಸೋದರತ್ತೆಯ ಮಗನ ಮದುವೆಯಲ್ಲಿ. ನನಗೆ ಹದಿನೆಂಟು, ಬಿ.ಎಸ್ಸಿ. ಮೊದಲ ವರ್ಷ, ಓದಿದ್ದೆಲ್ಲ ತುಟಿಯ ಮೇಲೇ. ಕಾಕಾ ಕಂಬಕ್ಕೆ ಒರಗಿ ಕ್ಯಾಮೆರಾಕ್ಕೆ ರೀಲು ತುಂಬುತ್ತಿದ್ದರು. ನಾನು ಪಕ್ಕದಲ್ಲಿ ನಿಂತು, “ಕಾಕಾ, ಇದರ ಮ್ಯಾಲ ಜಿಲೆಟಿನ್ ಹಚ್ಚಿರ್ತಾರ ಗೊತ್ತೈತೇನ್ರಿ? ಎಲುಬು, ತೊಗಲು ಕುದಿಸಿ ಮಾಡೂದು,” ಅಂದುಬಿಟ್ಟೆ.

ಕಾಕಾರ ಬೆರಳು ರೀಲಿನ ತುದಿಯ ಮೇಲೆ ನಿಂತಿತು. “ಖರೆ?”

“ಖರೇನ ಕಾಕಾ. ಪುಸ್ತಕದಾಗ ಐತಿ.”

ಒಪ್ಪಿಕೊಂಡ ಮದುವೆ, ಹಾಗಾಗಿ ಅಕ್ಷತೆಯಿಂದ ಹಿಡಿದು ಮದುಮಗಳು ಕಣ್ಣೊರೆಸಿಕೊಂಡು ಗಾಡಿ ಹತ್ತುವ ತನಕ ಎಲ್ಲ ಫೋಟೋ ತೆಗೆದರು. ತೊಳೆದರು, ಅಲ್ಬಮ್ ಮಾಡಿ ಕೊಟ್ಟರು. ಆ ವರ್ಷದ ಚಾತುರ್ಮಾಸದಲ್ಲಿ ರೀಲು ಮುಟ್ಟುವುದಿಲ್ಲವೆಂದು ನೇಮ ತೆಗೆದುಕೊಂಡರು. ರೀಲು ಇಲ್ಲವೆಂದರೆ ಸ್ಟುಡಿಯೋ ಎಲ್ಲಿಯದು? ಅದೇ ಕೋಣೆಯಲ್ಲಿ ಎಸ್.ಟಿ.ಡಿ. ಬೂತು ಹಾಕಿದರು. ಪಡದೆ ಮಾತ್ರ ತೆಗೆಯಲಿಲ್ಲ. ಹತ್ತು ವರ್ಷ ಗೋಕಾಕದ ಮಂದಿ ಜಲಪಾತಕ್ಕೆ ಬೆನ್ನು ಹಚ್ಚಿ ನಿಂತು, “ಹಲೋ, ಕೇಳಸಾಕತ್ತೈತೇನ?” ಎಂದು ಒದರಿದರು. ನಾನು ಪ್ರತಿ ಸೂಟಿಯಲ್ಲಿ ಹೋದಾಗಲೂ ಆ ನೀರನ್ನು ನೋಡಿ ತಲೆ ಕೆಳಗೆ ಹಾಕುತ್ತಿದ್ದೆ. ಕಾಕಾ ಒಂದು ದಿನವೂ ಒಂದು ಮಾತು ಅನ್ನಲಿಲ್ಲ. ಅದೇ ಕಷ್ಟ. ಅಂದಿದ್ದರೆ ಅತ್ತು ಹಗುರಾಗುತ್ತಿದ್ದೆ.

ಡಿಜಿಟಲ್ ಕ್ಯಾಮೆರಾ ಬಂದಾಗ ನಮ್ಮಣ್ಣ ಪುಣೆಯಿಂದ ಒಂದು ತಂದು ಕಾಕಾರ ಕೈಯಲ್ಲಿಟ್ಟ. ಬೆಳ್ಳಗೆ ಹೊಳೆಯುವ, ಅಂಗೈಯಷ್ಟು ಸಣ್ಣದು. ಕಾಕಾ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಸಾಬಾನದ ಡಬ್ಬಿ ಇದ್ದಂಗ ಐತಲ್ಲೋ. ಹಿಡ್ಯೂದೆಲ್ಲಿ ಇದನ್ನ?” ಎಂದು ವಾಪಸು ಕೊಟ್ಟರು. ಅವರ ಬೆರಳುಗಳು ಮೂವತ್ತು ವರ್ಷ ಚಕ್ರ ತಿರುಗಿಸಿ, ಹಿಡಿಕೆ ಎಳೆದು ರೂಢಿಯಾದವು. ಗುಂಡಿ ಒತ್ತಿ ಒತ್ತಿ ಪರದೆ ದಾಟುವುದು ಅವಕ್ಕೆ ಸೇರಲಿಲ್ಲ.

೨೦೦೭ರಲ್ಲಿ ಕಾಕುವಿನ ಕಣ್ಣಿನ ಪೊರೆ ತೋರಿಸಲೆಂದು ಇಬ್ಬರೂ ಕೊಲ್ಹಾಪುರಕ್ಕೆ ಹೋದರು. ಅಲ್ಲಿ ಒಂದು ಕ್ಯಾಮೆರಾ ರಿಪೇರಿ ಅಂಗಡಿಯ ಗಾಜಿನ ಕಪಾಟಿನಲ್ಲಿ ಅದು ಕೂತಿತ್ತು. ನೋಡಲು ಥೇಟ್ ಹಳೆ ಕಾಲದ ಕ್ಯಾಮೆರಾ. ಮೇಲೆ ಷಟರಿನ ಚಕ್ರ, ಬಲಕ್ಕೆ ಹೆಬ್ಬೆರಳಿನಿಂದ ಎಳೆಯುವ ಹಿಡಿಕೆ, ಇನ್ನೆಷ್ಟು ಫೋಟೋ ಉಳಿದಿವೆ ಎಂದು ತೋರಿಸಲು ಗಡಿಯಾರದಲ್ಲಿರುವಂಥ ಒಂದು ಮುಳ್ಳು. ಮೈಗೆ ಕರಿ ಹೊದಿಕೆ. ಒಳಗೆ ಮಾತ್ರ ರೀಲಿಲ್ಲ, ಡಿಜಿಟಲ್. ಹಿಂದಿನ ಪರದೆಯನ್ನು ಹೊರಳಿಸಿ ಮುಚ್ಚಿಬಿಟ್ಟರೆ ಅದೂ ಕಾಣುವುದಿಲ್ಲ. ಜಪಾನಿನವರು ಮಾಡಿದ್ದಂತೆ. ಕೊಲ್ಹಾಪುರದ ಒಬ್ಬ ಕ್ಯಾಮೆರಾಮನ್ ಎರಡು ವರ್ಷ ಬಳಸಿ ಮಾರಲು ಇಟ್ಟಿದ್ದ. ಕಾಕಾ ಹಿಡಿಕೆ ಎಳೆದರು. ಕರ್ರಕ್ ಅಂತು. ಆ ಸಪ್ಪಳಕ್ಕೆ ಕಾಕಾರ ಮುಖ ಹೇಗಾಯಿತೆಂದು ಕಾಕು ಇವತ್ತಿಗೂ ಅಭಿನಯ ಮಾಡಿ ತೋರಿಸುತ್ತಾಳೆ. “ಹೋದದ್ದು ನನ್ನ ಕಣ್ಣಿಗೆ. ಕಣ್ಣ ಬಂದದ್ದು ಇವರಿಗೆ.”

ಆದರೂ ಕಾಕಾ ಸುಮ್ಮನೆ ಕೊಳ್ಳಲಿಲ್ಲ. ಅಂಗಡಿಯಿಂದಲೇ ನನಗೆ ಫೋನು ಮಾಡಿದರು.

“ಶುಭಾ, ಇದರಾಗ ರೀಲ ಇಲ್ಲ, ತೊಳ್ಯೂ ಕಾಗದ ಇಲ್ಲ. ಒಳಗ ಏನೇನ ಇರ್ತೈತಿ, ಬರೋಬ್ಬರಿ ಹೇಳು.”

“ಗಾಜು, ಲೋಹ, ಪ್ಲಾಸ್ಟಿಕ್, ಒಂದೀಟ ಸಿಲಿಕಾನ್. ಅಂಥಾದ್ದೇನೂ ಇಲ್ಲ ಕಾಕಾ, ತಗೋರಿ,” ಅಂದೆ. ಹತ್ತು ವರ್ಷದ ಭಾರ ಇಳಿದಂತಾಗಿ ನನಗೇ ನಾಚಿಕೆಯಾಗುವಷ್ಟು ಜೋರಾಗಿ ಅಂದೆ.

“ಮಾರಾಂವ ಭಾಳ ಚಲೋ ಮನಷ್ಯಾ. ಮ್ಯಾಲಿಂದು ಹರದಿತ್ತಂತ, ಹೊಸಾ ರೆಗ್ಝಿನ್ ಹಾಕಿಸಿ ಇಟ್ಟಾನ,” ಎಂದೂ ಹೇಳಿದರು. ನಾನು “ಹೌದ್ರೀ?” ಅಂದೆ. ಒಳಗಿನದಕ್ಕೆ ಖಾತ್ರಿ ಕೊಟ್ಟವಳು ಹೊರಗಿನದನ್ನು ಕೇಳಲಿಲ್ಲ.

ಅಂದಿನಿಂದ ಕಾಕಾ ಹತ್ತು ವರ್ಷ ಚಿಕ್ಕವರಾದರು. ಬೂತಿಗೆ ಕಾಕುವನ್ನು ಕೂಡಿಸಿ ತಾವು ಕೌಜಲಗಿ, ಅಂಕಲಗಿ, ಮೂಡಲಗಿ ಎಂದು ಬಸ್ಸು ಹತ್ತತೊಡಗಿದರು. ಫೋಟೋ ತೆಗೆದು ಸಿ.ಡಿ. ಮಾಡಿ ಕೊಡುವುದು, ಕಾಗದದ ಮೇಲೆ ಮೂಡಿಸಿಕೊಳ್ಳುವುದು ಅವರವರ ಪಾಲಿಗೆ. ಆದರೆ ರೂಢಿ ಬಿಡಬೇಕಲ್ಲ. ಫೋಟೋ ತೆಗೆದ ಕೂಡಲೇ ಮಂದಿ ಮುತ್ತುತ್ತಿದ್ದರು, “ತೋರಸ್ರೀ, ತೋರಸ್ರೀ.” ಕಾಕಾ ಪರದೆ ಮುಚ್ಚಿ, “ನಾಕ ದಿನ ಬಿಟ್ಟ ಬರ್ರಿ. ತೊಳದ ಕೊಡ್ತೇನಿ,” ಅನ್ನುತ್ತಿದ್ದರು. ಅಂಕಲಗಿಯಲ್ಲಿ ಒಬ್ಬ ಮದುಮಗ, ತನ್ನ ಕಣ್ಣು ಮುಚ್ಚಿರುವ ಫೋಟೋ ಬಚ್ಚಿಟ್ಟಿದ್ದಾರೆಂದು ನಂಬಿ ಊಟಕ್ಕೇ ಕೂಡಲಿಲ್ಲವಂತೆ.

ಈ ಕ್ಯಾಮೆರಾ ಎಷ್ಟು ಹಿಡಿಸಿತ್ತೆಂದರೆ, ಇದರ ಮುಂದಿನದು ಇನ್ನೂ ಹೇಗಿರಬೇಕೆಂದು ಕಾಕಾ ಬರೆಯಲು ಶುರು ಮಾಡಿದರು. ಹಳೆ ಸ್ಟುಡಿಯೋದ ಆರ್ಡರ್ ಪುಸ್ತಕದಲ್ಲಿ ಖಾಲಿ ಹಾಳೆ ಉಳಿದಿದ್ದವು. ಮೇಲೆ ‘ಮುಂದಿನ ಕ್ಯಾಮೆರಾಕ್ಕೆ ನಮ್ಮ ಸೂಚನೆ’ ಎಂದು ದಪ್ಪಗೆ ಬರೆದು, ಬಸ್ಸಿನಲ್ಲಿ, ಮದುವೆಯ ಚಪ್ಪರದಲ್ಲಿ, ಎಲ್ಲೆಲ್ಲಿ ಹೊಳೆಯಿತೋ ಅಲ್ಲಲ್ಲಿ ಸೇರಿಸುತ್ತ ಹೋದರು. ಬ್ಯಾಟರಿ ಒಂದು ಮದುವೆ ಪೂರಾ ಬರಬೇಕು. ಅವರ ದೇಶದ ಮದುವೆಯಲ್ಲ, ನಮ್ಮ ಕಡೆಯದು. ಮುಳ್ಳಿನ ಕೆಳಗಿನ ಅಂಕಿ ಅರವತ್ತು ದಾಟಿದವರಿಗೂ ಕಾಣಬೇಕು. ಹಿಡಿಕೆಯ ಕರ್ರಕ್ ಇನ್ನಷ್ಟು ಜೋರಾಗಬೇಕು. ಆದರೆ ಬಸದಿಯೊಳಗೆ ಅದೇ ಹಿಡಿಕೆ ಸಪ್ಪಳ ಮಾಡಬಾರದು. ಇವೆರಡೂ ಹೇಗೆ ಕೂಡುತ್ತವೆ ಎಂದು ಕೇಳಿದ್ದಕ್ಕೆ, “ಅದು ಅವರ ವಿಚಾರ. ಪಗಾರ ಯಾಕ ಕೊಡ್ತಾರ ಅವರಿಗೆ?” ಅಂದರು. ಅವರಿಗೆ ಬಹಳ ಪ್ರೀತಿಯ ಸೂಚನೆ ಏಳನೆಯದು: ಒಂದು ಗುಂಡಿ ಇರಬೇಕು, ಅದನ್ನು ಒತ್ತಿದರೆ ತೆಗೆದ ಫೋಟೋ ನಾಲ್ಕು ದಿನ ಯಾರಿಗೂ, ಕಾಕಾರಿಗೂ ಕೂಡ, ಕಾಣಬಾರದು. “ಕಾಯೂದ್ರಾಗ ಒಂದ ಮಜಾ ಐತಿ ಶುಭಾ. ಅದನ್ನ ಯಾಕ ಕಳೀಬೇಕು?”

ಇದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಸೈಬರ್ ಕೆಫೆಯಿಂದ ಜಪಾನಿಗೆ ಕಳಿಸುವ ಕೆಲಸ ನನ್ನದು. ಅದಕ್ಕೆಂದೇ ಹೋದ ಶ್ರಾವಣದಲ್ಲಿ, ಸನ್ಮತಿಯ ಮೊದಲ ಹುಟ್ಟುಹಬ್ಬಕ್ಕೆ ಬಂದಾಗ, ಪುಸ್ತಕವನ್ನೂ ತಂದಿದ್ದರು. ಮಗುವಿನ ಫೋಟೋ ತೆಗೆದು, ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಏಳನೆಯ ಸೂಚನೆಗೆ ಇಂಗ್ಲಿಷಿನಲ್ಲಿ ಜೋರಿನ ಮಾತು ಹಾಕಬೇಕೆಂದು ನನಗೆ ತಿಳಿಸುತ್ತಿದ್ದರು. ಸನ್ಮತಿಗೆ ಆಗಷ್ಟೇ ಮೇಲಿನ ಎರಡು ಹಲ್ಲು ಬಂದಿದ್ದವು. ಸಿಕ್ಕದ್ದನ್ನೆಲ್ಲ ಪರೀಕ್ಷೆ ಮಾಡುವ ಕಾಲ. ಕ್ಯಾಮೆರಾದ ಮೂಲೆಗೆ ಬಾಯಿ ಹಾಕಿ ಹಲ್ಲೂರಿ ಎಳೆದಳು. ಹೊದಿಕೆಯ ಮೂಲೆ ಕಿತ್ತು ಬಂತು. ನಾನು ಚೀರಿದೆ. ಕಾಕಾ ನಕ್ಕರು.

“ರೆಗ್ಝಿನ್ ಐತಿ ಬಿಡು, ಏನೂ ಆಗೂದಿಲ್ಲ. ನೋಡ, ಜಪಾನದ ಮಾಲಿನ ಮ್ಯಾಲ ಗೋಕಾಕದ ಮೊಮ್ಮಗಳು ಸಿಕ್ಕಾ ಹೊಡದ್ಳು!”

ಅದೇ ಚೂರು ಈ ಶೀಷೆಯಲ್ಲಿದ್ದದ್ದು. ಮೇಲೆ ರೆಗ್ಝಿನ್ನಿನಂತೆ ಹರಳು ಹರಳು. ಕೆಳಗೆ ಸಣ್ಣ ನವಿರು, ಮುಟ್ಟಿದರೆ ಮೆತ್ತಗೆ. ಡಾಕ್ಟರು ಹೇಳುವ ತನಕ ನಾನು ಕೆಳಗೆ ನೋಡಿಯೇ ಇರಲಿಲ್ಲ. ಹೇಳಿದ ಮೇಲೆ ಬೇರೇನೂ ನೋಡಲಾಗಲಿಲ್ಲ.

ಕಾಕಾ ಮೂರು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದರು. ನಾನು ಎತ್ತುತ್ತಿರಲಿಲ್ಲ. ನಮ್ಮನೆಯವರು ಎತ್ತಿ, “ಕಾಕಾ ಕೇಳಾಕತ್ತಾರ, ಚೀಟಿ ಕಳಿಸಿದಿ ಏನಂತ,” ಅನ್ನುತ್ತಿದ್ದರು. ನಾನು ಕೈಸನ್ನೆಯಲ್ಲೇ, ಮಗುವಿಗೆ ಸ್ನಾನ ಮಾಡಿಸುತ್ತಿದ್ದೇನೆಂದು ತೋರಿಸುತ್ತಿದ್ದೆ. ಆ ಹನ್ನೊಂದು ದಿನದಲ್ಲಿ ಸನ್ಮತಿಯಷ್ಟು ಸ್ನಾನ ಹುಕ್ಕೇರಿಯಲ್ಲಿ ಇನ್ನಾರೂ ಮಾಡಿರಲಿಕ್ಕಿಲ್ಲ.

“ಹೇಳಲ್ಯೋ ಬ್ಯಾಡೋ, ನೀವರ ಹೇಳ್ರಿ,” ಎಂದು ಗೋಗರೆದರೆ ನಮ್ಮನೆಯವರು ಪೇಪರು ಮಡಚದೆಯೇ, “ಎರಡೂ ಬ್ಯಾಡ. ಕುಂತು ಚಿಂತಿ ಮಾಡು. ಅದು ನಿನಗ ಚಲೋ ಬರ್ತೈತಿ,” ಅಂದರು.

ಹನ್ನೊಂದನೆಯ ದಿನ ಶನಿವಾರ. ಮರುದಿನವೇ ಮೂಡಲಗಿಯ ಅಭಿಷೇಕ. ಬೆಳಿಗ್ಗೆ ಘೋಡಗೇರಿಯಿಂದ ಮಾಲಿಂಗಪ್ಪ ಬೆಣ್ಣೆ ತಂದ. ಕುರಿ ಕಾಯ್ದು ದೊಡ್ಡವನಾದವ, ಈಗ ಎರಡು ಎಮ್ಮೆ, ಸ್ವಲ್ಪ ಹೊಲ, ಉಳಿದ ಹತ್ತಾರು ಕುರಿ. ಕಾಕಾರ ಹಳೆ ಗಿರಾಕಿ ಕೂಡ. ಅವನೂ ಅವನ ಹೆಂಡತಿ ಸೀತವ್ವನೂ ಮದುವೆಯಾದ ವಾರ ಆ ಪಡದೆಯ ಜಲಪಾತದ ಮುಂದೆ ನಿಂತ ಫೋಟೋ ಇನ್ನೂ ಅವರ ಗೋಡೆಯ ಮೇಲಿದೆ. ತೊಗಲು, ಉಣ್ಣೆ ಅವನಿಗೆ ತಿಳಿದಷ್ಟು ಯಾರಿಗೂ ತಿಳಿಯದು. ಇಷ್ಟು ದಿನ ನನಗೆ ಇದು ಹೊಳೆಯದೆ ಇದ್ದದ್ದೇ ಆಶ್ಚರ್ಯ. ಶೀಷೆ ತಂದು ಅವನ ಅಂಗೈಯಲ್ಲಿ ಸುರಿದೆ.

ಮಾಲಿಂಗಪ್ಪ ಚೂರನ್ನು ಹೆಬ್ಬೆರಳಿನಿಂದ ತಿಕ್ಕಿದ. ಮೂಸಿದ. ಇನ್ನೊಮ್ಮೆ ಮೂಸಿದ.

“ಆಡಿಂದು.”

“ತೊಗಲ?”

“ತೊಗಲಲ್ಲದ ಆಡಿಂದು ಮತ್ತೇನ ಇರ್ತೈತ್ರಿ ಬಾಯಾರ, ಕ್ವಾಡಾ?” ಅಂದ. “ಎಲ್ಲೀದಿದು?”

ಕಾಕಾರ ಕ್ಯಾಮೆರಾದ್ದು, ಜಪಾನಿನದು ಅಂದೆ. ಅವನು ತಲೆ ಅಲ್ಲಾಡಿಸಿದ.

“ಸುಳ್ಳ. ಇದು ಜಾಲಿ ತೊಗಟ್ಯಾಗ ಹದಾ ಮಾಡಿದ್ದು. ವಾಸನಿ ಇನ್ನಾ ಐತಿ, ನೋಡ್ರಿ ಬೇಕಾರ. ಜಪಾನದಾಗ ಜಾಲಿಗಿಡಾ ಎಲ್ಲಿಂದ ತರ್ತಾರ? ಇದು ಕೊಲ್ಲಾಪುರದಾಗ ಚಪ್ಪಲಿ ಮಾಡಾವ್ರ ಕೈಯಾಂದು.”

ಆಗ ಎಲ್ಲ ಜೋಡಣೆಯಾಯಿತು. ಮೇಲಿನ ಹೊದಿಕೆ ಹರಿದಾಗ ಆ ಕ್ಯಾಮೆರಾಮನ್ ಕೊಲ್ಹಾಪುರದವರು ಮಾಡುವುದನ್ನೇ ಮಾಡಿದ್ದ. ಓಣಿಯ ಚಪ್ಪಲಿ ಅಂಗಡಿಗೆ ಒಯ್ದು ಕೊಟ್ಟಿದ್ದ. ನಮ್ಮ ಕಾಕಾ ಕರಿ ಹೊದಿಕೆ ಕಂಡು ರೆಗ್ಝಿನ್ ಎಂದುಕೊಂಡರು. ತಮ್ಮ ಕೈಗೆ ಬಂದದ್ದು ತೊಗಲಿರಬಹುದೆಂದು ಅವರಿಗೆ ಕನಸೂ ಬಿದ್ದಿರಲಿಕ್ಕಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ಅನುಮಾನವಾದರೂ ಇದ್ದಾಗ ಒಂದು ಬಾಗಿಲಿತ್ತು, ಈಗ ಅದೂ ಮುಚ್ಚಿತು.

“ಯಾಕ್ರಿ ಬಾಯಾರ?” ಮಾಲಿಂಗಪ್ಪ ಗಾಬರಿಯಾದ.

ಹೇಳಿದೆ. ಹೇಳಿದರೆ ಕಾಕಾ ಕ್ಯಾಮೆರಾ ಬಿಟ್ಟುಬಿಡುತ್ತಾರೆ, ಮತ್ತೆ ಹತ್ತು ವರ್ಷ ಬೂತಿನಲ್ಲಿ ಕೂಡುತ್ತಾರೆ, ಈ ಸಲ ಅಷ್ಟು ವರ್ಷ ಕೈಯಲ್ಲಿ ಉಳಿದಿಲ್ಲ ಎಂದು. ಅವನು ಗಿಂಡಿಯ ನೀರು ಕುಡಿದು, ಟಾವೆಲ್ಲಿನಿಂದ ಮೀಸೆ ಒರೆಸಿಕೊಂಡ.

“ಒಂದ ಮಾತ ಹೇಳ್ತೇನ್ರಿ. ನಾ ಒಂದ ಸರತಿ ಅವರ ಅಂಗಡ್ಯಾಗ ಕಂಬಳಿ ಹಾಸಿ, ಕುಂದರ್ರಿ ಅಂದ್ನಿ. ನಿಮ್ಮ ಕಾಕಾ ಕುಂದರವಲ್ರು. ‘ಉಣ್ಣಿ ಕತ್ತರಸೂ ಮುಂದ ಕುರಿಗಿ ನೋವಾಗ್ತೈತೇನೋ ಮಾಲಿಂಗಾ?’ ಅಂದ್ರು. ‘ಕಟಿಂಗ್ ಮಾಡಿಸ್ಕೊಂಡ್ರ ನಿಮಗ ನೋವಾಗ್ತೈತೇನ್ರಿ?’ ಅಂದ್ನಿ. ಸ್ವಲ್ಪ ವಿಚಾರ ಮಾಡಿದ್ರು. ಕುಂತ್ರು. ಅವರು ಬರೇ ಬಿಡಾವ್ರಲ್ಲರಿ, ಕೇಳಾವ್ರು. ನೀವು ಹೇಳ್ರಿ, ಮುಂದಿಂದ ಅವರ ಕೇಳ್ತಾರ.”

ಅವನು ಹೋದ ಮೇಲೆ ಸನ್ಮತಿಯನ್ನು ತೊಟ್ಟಿಲಿಗೆ ಹಾಕಿದೆ. ಎದ್ದು ಬೂತಿನ ನಂಬರು ತಿರುಗಿಸಿದೆ. ಆ ನಂಬರು ನನಗೆ ಬಾಯಿಪಾಠ. ಆರು ಅಂಕಿ ತಿರುಗಿಸುವಷ್ಟರಲ್ಲಿ ಎರಡು ಸಲ ಇಟ್ಟೆ. ಮೂರನೆಯ ಸಲ ಗಂಟೆ ಹೋಯಿತು.

“ಹಲೋ, ಯಾರ್ರಿ?” ಕಾಕಾರೇ.

“ನಾನ್ರಿ ಕಾಕಾ, ಶುಭಾ.”

“ಓಹೋ, ಸ್ನಾನ ಮುಗೀತೇನ ಹುಡುಗೀದು? ಜಪಾನದಾವ್ರು ಏನಂದ್ರು?”

“ಕಳಿಸಿಲ್ಲರಿ ಇನ್ನಾ.” ಅಲ್ಲಿಂದ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಶೀಷೆ, ಡಾಕ್ಟರು, ಮಾಲಿಂಗಪ್ಪ, ಆಡು, ಜಾಲಿಯ ತೊಗಟೆ, ಕೊಲ್ಹಾಪುರ. ಕೊನೆಗೆ, “ಆವಾಗೂ ನಾನ ಹೇಳಿದ್ನಿ ಕಾಕಾ, ಈಗೂ ನಾನ ಹೇಳಾಕತ್ತೇನಿ,” ಅಂದೆ. ದನಿ ಬಿರಿಯಿತು.

ಆಕಡೆ ಪೇಟೆಯ ಬಸ್ಸಿನ ಹಾರನ್ನು ಕೇಳಿಸಿತು. ಕಾಕಾರ ಬೆನ್ನ ಹಿಂದೆ ನೀರು ಬೀಳುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿತ್ತು.

“ಅದರ ಕೆಳಗ ಏನ ಐತಿ?” ಕಾಕಾ ಕೇಳಿದರು.

“ಯಾವುದರ ಕೆಳಗ್ರಿ?”

“ತೊಗಲಿನ ಕೆಳಗ. ಸೈನ್ಸ ಕಲ್ತಾಕಿ ನೀನ ಅಲಾ?”

“ಲೋಹ ಇರ್ತೈತ್ರಿ. ಬರೇ ಲೋಹ.”

“ಮತ್ತ ಅಳೂದ್ಯಾಕ? ರೀಲಿನಾಗಿಂದ ಜಿಲೆಟಿನ್ ಸುಲ್ಯಾಕ ಬರ್ತಿದ್ದಿಲ್ಲ, ಅದಕ್ಕ ರೀಲ ಬಿಟ್ನಿ. ಇದಕ್ಕ ಅಂಗಿ ತೊಡಿಸ್ಯಾರ. ಅಂಗಿ ತಗದ್ರಾತು.”

ಹನ್ನೊಂದು ದಿನ! ಪುಣೆಯ ಬಿ.ಎಸ್ಸಿ.! ಇಷ್ಟು ನನಗೆ ಹೊಳೆದಿರಲಿಲ್ಲ.

“ಒಂದ ವರ್ಷ ಒಳಗ ಒಯ್ದದ್ದು ಖರೆ. ನಾಳಿ ಮಹಾರಾಜರ ಮುಂದ ಹೇಳ್ಕೋತೇನಿ. ಒಂದೆರಡ ಉಪವಾಸ ಕೊಡ್ತಾರ, ಮಾಡಿದ್ರಾತು. ಮತ್ತ ನೀ ಹೇಳಿದ್ದಕ್ಕ ಬ್ಯಾಸರ ಮಾಡ್ಕೋಬ್ಯಾಡ. ಆವಾಗೂ ಬ್ಯಾಸರ ಆಗಿದ್ದಿಲ್ಲ ನನಗ. ನೀ ಹೇಳಲಿಲ್ಲಂದ್ರ ಯಾರ ಹೇಳ್ತಿದ್ರು, ನಿಮ್ಮ ಕಾಕು? ಆಕೀ ಮನಿ ಬಾಗಲಕ್ಕ ಕಾವಲ ನಿಂತಾಳ.” ಅಷ್ಟರಲ್ಲಿ ಅವರ ದನಿ ಪಕ್ಕಕ್ಕೆ ಹೊರಳಿತು. “ಏ, ಚೂರಿ ತಾರ! ಸಣ್ಣದು, ಸೊಪ್ಪ ಹೆಚ್ಚೂದು!”

“ಯಾಕ್ರಿ, ಈಗೇನ ಹೋತು ಮನ್ಯಾಂದು?” ದೂರದಿಂದ ಕಾಕುವಿನ ದನಿ.

“ಕ್ಯಾಮೆರಾದ ಅಂಗಿ ಹೋತು!”

ಕರ್ ಕರ್ ಎಂದು ಅಂಟು ಬಿಡಿಸುವ ಸಪ್ಪಳ ಫೋನಿನಲ್ಲಿ ಕೇಳಿಸತೊಡಗಿತು. ನನಗೆ ಹೊಸ ಚಿಂತೆ. ಬರಿ ಲೋಹ ನುಣುಪಾಗಿರುತ್ತದೆ, ಅಭಿಷೇಕದ ನೀರು ಹಾಲು ತಾಗಿ ಕೈಜಾರಿ ಬಿದ್ದರೆ? ಏನಾದರೂ ಹಚ್ಚಲೇಬೇಕು, ಏನು ಹಚ್ಚುತ್ತೀರಿ ಎಂದು ಕೇಳಿದೆ.

“ಅದನ್ನ ನೋಡಾಕತ್ತೇನಿ ನಾನೂ,” ಅಂದರು ಕಾಕಾ. ಆಮೇಲೆ, “ಪಡದೆ,” ಅಂದರು.

“ಜಲಪಾತದ್ದು?”

“ಮೂವತ್ತ ವರ್ಷದ ಅರಿವಿ, ಇನ್ನಾ ಗಟ್ಟಿ ಐತಿ. ನೀರಿನ ಕಡೆ ಮುಟ್ಟೂದಿಲ್ಲ. ಬಲಕ್ಕ ಕೆಳಗ ಕಲ್ಲ ಬರದಾನ ನೋಡು ಹೊಳೆಪ್ಪ, ಕರ್ರಗ, ಹರಳ ಹರಳ. ಅದರಾಗ ಅಂಗೈಯಷ್ಟ ಕತ್ತರಿಸಿದ್ರ ಸಾಕು.”

ನನ್ನ ಬಾಯಿ ಸುಮ್ಮನಿರುವುದಿಲ್ಲ. “ಕಾಕಾ… ಪಡದೆಗೆ ಬಣ್ಣ ಹಚ್ಚೂ ಮೊದಲ ಸರಸ ಬಳೀತಾರಲ್ರಿ, ಆ ಅಂಟು…” ಅಂದವಳು ನಾಲಿಗೆ ಕಚ್ಚಿಕೊಂಡೆ. ಆ ಅಂಟನ್ನು ಕೆಲವರು ಪ್ರಾಣಿಗಳ ತೊಗಲು ಕುದಿಸಿಯೇ ಮಾಡುತ್ತಾರೆ.

ಕಾಕಾ ಗಹಗಹಿಸಿ ನಕ್ಕರು. “ಹುಣಸಿ ಬೀಜ ಕುದಿಸಿ ನಾನ ಮಾಡಿಕೊಟ್ಟಿದ್ನಿ ಶುಭಾ. ಮದವ್ಯಾಗಿ ಬಂದ ವಾರದಾಗ ಎರಡ ಸೇರ ಬೀಜಾ ಕುಟ್ಟಿದಾಕಿ ನಿಮ್ಮ ಕಾಕು. ಕೇಳ ಬೇಕಾರ, ಇನ್ನಾ ರಟ್ಟಿ ನೋವಂತಾಳ.”

“ಪಡದೆ ಕತ್ತರಸ್ತೀರೆ?” ಕಾಕು ಈಗ ಫೋನಿನ ಹತ್ತಿರವೇ ಬಂದಿದ್ದಳು. “ನನ್ನ ಮದವಿ ಫೋಟೋ ಅದರ ಮುಂದ ಐತಿ!”

“ನೀ ನಿಂತದ್ದು ನೀರಿನ ಕಡೆ. ಕಲ್ಲಿನ ಕಡೆ ನಿಂತಾಂವ ನಾನು,” ಅಂದರು ಕಾಕಾ. ಕಾಕು ಏನೋ ಅಂದಳು, ಕೇಳಿಸಲಿಲ್ಲ; ಆದರೆ ನಕ್ಕದ್ದು ಕೇಳಿಸಿತು. ಆಮೇಲೆ ಕತ್ತರಿ ದಪ್ಪ ಅರಿವೆಯ ಮೇಲೆ ಮೆಲ್ಲಗೆ ನಡೆಯುವ ಸಪ್ಪಳ. ಹಿಡಿದವಳು ಕಾಕುವೇ ಇರಬೇಕು. ಕಾಕಾರ ಬಾಯಿ ಫೋನಿನಲ್ಲೇ ಇತ್ತು.

“ಶುಭಾ, ಪೆನ್ನ ಐತೇನ ಕೈಯಾಗ? ಚೀಟಿ ಇನ್ನಾ ಕಳಿಸಿಲ್ಲಂದಿ, ಚಲೋ ಆತು. ಒಂದನೇ ನಂಬರ್ ಹೊಡದ ಹಾಕು. ಬ್ಯಾಟರಿ ಎರಡನೇದ್ದಾಗ್ಲಿ. ಒಂದನೇದು ಬರಕೋ: ಮುಂದಿನ ಕ್ಯಾಮೆರಾಕ್ಕ ಹೊದಿಕಿ ಹಚ್ಚಬ್ಯಾಡ್ರಿ. ಬರಿ ಮೈಲೇ ಕಳಸ್ರಿ, ಜೋಡಿ ಒಂದ ಅಳತಿ ಚೀಟಿ ಇಡ್ರಿ. ಯಾವ ಊರಾವ್ರು ಆ ಊರ ಅರಿವಿ ಹಚ್ಕೋತಾರ.”

ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ. ಸಪ್ಪಳಕ್ಕೆ ಸನ್ಮತಿ ಎಚ್ಚರಾಗಿ ತೊಟ್ಟಿಲಿನ ಅಂಚಿಗೆ ಹಲ್ಲೂರಿದ್ದಳು. ಕಚ್ಚಲಿ ಬಿಡು ಅಂದುಕೊಂಡೆ. ಆಮೇಲೆ ತೊಟ್ಟಿಲಿಗೆ ಯಾವ ಬಣ್ಣ ಹಚ್ಚಿದ್ದಾರೋ ನೆನಪಾಗಿ ಒಂದು ಕೈಯಿಂದ ಎತ್ತಿಕೊಂಡೆ.

“ಬರಕೊಂಡ್ಯಾ?”

“ಬರಕೊಂಡ್ನಿ ಕಾಕಾ.”

“ಮತ್ತ ಕೆಳಗ ಬರಿ, ನಮ್ಮ ಮೊಮ್ಮಗಳು ಕಚ್ಚಿ ನೋಡಿ ಪಾಸ್ ಮಾಡ್ಯಾಳಂತ. ಈಗ ಮೊದಲಿಂದ ಓದು, ಕೇಳೂಣು.”

ಸನ್ಮತಿಯನ್ನು ಸೊಂಟಕ್ಕೆ ಏರಿಸಿ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಕಾಕಾ ಬಿಟ್ಟುಹೋಗಿದ್ದ ಪುಸ್ತಕ ತೆರೆದು, ಸೂಚನೆಗಳನ್ನು ಒಂದರಿಂದ ಓದತೊಡಗಿದೆ. ನಾಲ್ಕು ದಿನ ಕಾಯಿಸುವ ಗುಂಡಿಯದು, ಈಗ ಎಂಟನೆಯದು, ಬಂದಾಗ ಆಕಡೆಯಿಂದ ಕ್ಯಾಮೆರಾದ ಹಿಡಿಕೆ ಕರ್ರಕ್ ಅಂತು.